ತುಂಬಿದ ಮನೆ

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಬೆಳಿಗ್ಗೆ ಗುಮಾಸ್ತರ ಬಾಯಿಂದ ಜಾರಿದ ಒಂದು ‘ಹೂಂ’.

“ಅಣ್ಣಾ, ನೀವು ಹೇಗೂ ಮನೇಲೇ ಇರ್ತೀರಲ್ಲ, ನಮ್ಮತ್ತೇನ ಸ್ವಲ್ಪ ಹೊತ್ತು ಇಲ್ಲಿ ಕೂರಿಸ್ಲಾ? ಆಸ್ಪತ್ರೆಯಿಂದ ಅರ್ಜೆಂಟಾಗಿ ಕರೀತಿದ್ದಾರೆ,” ಎಂದು ಎದುರುಮನೆಯ ನರ್ಸಮ್ಮ ಬಾಗಿಲಲ್ಲಿ ನಿಂತು ಕೇಳಿದಾಗ ಗುಮಾಸ್ತರು ಮೀಸೆ ಕತ್ತರಿಸಿಕೊಳ್ಳುತ್ತಿದ್ದರು. ಕತ್ತರಿ ತುಟಿಯ ಮೇಲಿರುವಾಗ ಮನುಷ್ಯ ‘ಹೂಂ’ ಅನ್ನದೆ ಇನ್ನೇನು ಅಂದಾನು? ನರ್ಸಮ್ಮ ಅಜ್ಜಿಯನ್ನು ಸೋಫಾದ ಮೇಲೆ ಕೂರಿಸಿ, ದಡದಡನೆ ಮೆಟ್ಟಿಲಿಳಿದು ಹೋದಳು.

ಬೇರೆ ದಿನವಾಗಿದ್ದರೆ ಚಿಂತೆ ಇರಲಿಲ್ಲ. ಇವತ್ತು ಮ್ಯಾನೇಜರು ಕಂಪ್ಯೂಟರಿನಲ್ಲಿ ಮುಖಾಮುಖಿ ಮಾತಾಡುವವರಿದ್ದರು.

ಗುಮಾಸ್ತರದು ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ ಗಿರಾಕಿಗಳ ದೂರುಗಳಿಗೆ ಉತ್ತರ ಬರೆಯುವ ಕೆಲಸ. ಕಂಪನಿಯು ಬಾಡಿಗೆ ಕಟ್ಟಡ ಬಿಟ್ಟು, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದಾಗ ಅವರಷ್ಟು ಹಿಗ್ಗಿದವರಿರಲಿಲ್ಲ. ಬಸ್ಸಿನ ಹಿಂದೆ ಓಡುವುದು ತಪ್ಪಿತು. ಮಧ್ಯಾಹ್ನ ಬಿಸಿ ಊಟ. ಹೆಂಡತಿ ಸದ್ದಾಗದಂತೆ ಕಾಫಿ ತಂದಿಟ್ಟು, ಬೆನ್ನ ಹಿಂದಿನಿಂದ ಬಗ್ಗಿ ಅವರು ಬರೆದದ್ದನ್ನು ಓದಿ, “ಊರವರಿಗೆಲ್ಲ ಇಷ್ಟು ಚೆಂದಾಗಿ ಕ್ಷಮೆ ಕೇಳ್ತೀರಿ, ನನ್ನ ಹತ್ರ ಒಂದಿನಾನೂ ಕೇಳಿಲ್ವಲ್ರೀ!” ಎಂದು ನಗುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಅವಳು ಹೋಗಿಬಿಟ್ಟಳು. ಕಂಪನಿಯಿಂದ ಸಂತಾಪ ಬಂತು: ‘ತಮಗಾದ ತೊಂದರೆಗೆ ತೀವ್ರವಾಗಿ ವಿಷಾದಿಸುತ್ತೇವೆ.’ ನೀರು ಸೋರುವ ಯಂತ್ರಗಳಿಗೆಂದು ಆ ವಾಕ್ಯವನ್ನು ಬರೆದುಕೊಟ್ಟಿದ್ದವರು ಗುಮಾಸ್ತರೇ.

ಆಮೇಲೆ ಮನೆಯಲ್ಲಿ ಮಾತೇ ಇಲ್ಲ. ಗಂಟಲು ತುಕ್ಕು ಹಿಡಿದ ಬೀಗದಂತಾಯಿತು. ರಾಂಗ್ ನಂಬರ್ ಬಂದರೂ ಗುಮಾಸ್ತರು ಆ ಕಡೆಯವರ ಯೋಗಕ್ಷೇಮ ವಿಚಾರಿಸದೆ ಫೋನ್ ಇಡುತ್ತಿರಲಿಲ್ಲ. ಈಗ ಕಂಪನಿಯು ಸಣ್ಣದೊಂದು ಆಫೀಸು ತೆರೆದಿತ್ತು. ಅವರ ವಿಭಾಗಕ್ಕೆ ಸಿಕ್ಕಿದ್ದು ಒಂದೇ ಕುರ್ಚಿ. ಅದನ್ನು ಕೇಳಿದವರು ಇಬ್ಬರು: ಗುಮಾಸ್ತರು, ಮತ್ತು ಅವರು ಮುಖ ಕಂಡರಿಯದ ಒಬ್ಬ ಟೈಪಿಸ್ಟಮ್ಮ. ಅದು ಯಾರಿಗೆಂದು ಇವತ್ತು ತೀರ್ಮಾನಿಸುವ ಮ್ಯಾನೇಜರು ಹೊಸಬರು, ಗುಮಾಸ್ತರ ಮನೆಯ ಸಂಗತಿ ಅವರಿಗೆ ತಿಳಿಯದು. ‘ಸಾರ್, ಈ ಮನೇಲಿ ನಂಗೆ ಒಬ್ಬನೇ ಇರೋಕಾಗ್ತಿಲ್ಲ’ ಎಂಬ ಒಂದು ಮಾತನ್ನು ಹೇಳಲು ಗುಮಾಸ್ತರು ವಾರವಿಡೀ ಅಭ್ಯಾಸ ಮಾಡಿದ್ದರು.

ಅಜ್ಜಿಗೆ ಟೀ ಕೊಟ್ಟು ಕಂಪ್ಯೂಟರಿನ ಮುಂದೆ ಕೂರುವಷ್ಟರಲ್ಲಿ ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು ಪ್ಲಂಬರನನ್ನು ಹಿಂದೆ ಕಟ್ಟಿಕೊಂಡು ಒಳಗೆ ಬಂದರು.

“ನಿಮ್ಮ ಬಚ್ಚಲು ನಮ್ಮ ತಲೆ ಮೇಲೆ ತೊಟ್ಟಿಕ್ತಿದೆ ಸ್ವಾಮಿ! ಹೇಗೂ ಮನೇಲೇ ಇರ್ತೀರಲ್ಲಾಂತ ಇವನನ್ನ ಕರ್ಕೊಂಡೇ ಬಂದ್ಬಿಟ್ಟೆ.”

“ಈಗ ಬೇಡಿ ಮೇಷ್ಟ್ರೇ, ನಂಗೆ ಮೀಟಿಂಗಿದೆ.”

“ನೀವು ಮೀಟಿಂಗ್ ಮಾಡಿ, ನಾವು ರಿಪೇರಿ ಮಾಡ್ತೀವಿ. ಜಗಳ ಎಲ್ಲಿ ಬಂತು?”

ಪ್ಲಂಬರು ಬಚ್ಚಲು ಸೇರಿದ. ಪರದೆಯ ಮೇಲೆ ಮ್ಯಾನೇಜರ ಮುಖ ಮೂಡಿತು. ಗುಮಾಸ್ತರು ಗಂಟಲು ಸರಿಮಾಡಿಕೊಂಡರು.

“ಸಾರ್, ಈ ಮನೇಲಿ ನಂಗೆ...”

“ಯಜಮಾನ್ರೇ, ಓಡಿ ಬನ್ನಿ!”

ನಲ್ಲಿ ಪ್ಲಂಬರನ ಕೈಗೇ ಕಿತ್ತು ಬಂದಿತ್ತು. ನೀರು ಕಟ್ಟೆಯೊಡೆದ ಹಾಗೆ ಗೋಡೆಯಿಂದ ಗೋಡೆಗೆ ಚಿಮ್ಮುತ್ತಿತ್ತು. “ಇಲ್ಲಿ ಅಂಗೈ ಒತ್ತಿ ಹಿಡ್ಕೊಳ್ಳಿ. ಬಿರಡೆ ಹಾಲ್‌ನಲ್ಲಿ ನನ್ನ ಚೀಲದಲ್ಲಿದೆ, ಈಗ ತಂದೆ,” ಎಂದು ಅವನು ಗುಮಾಸ್ತರ ಕೈಯನ್ನು ಗೋಡೆಗೆ ಅಂಟಿಸಿ ಹೋದ.

ಕೈ ತೆಗೆದರೆ ಮನೆ ಕೆರೆಯಾಗುತ್ತದೆ, ಹಿಡಿದರೆ ಕುರ್ಚಿ ಕೈತಪ್ಪುತ್ತದೆ. ನಿಂತಲ್ಲೇ ನಿಂತ ಗುಮಾಸ್ತರಿಗೆ ಹಾಲ್‌ನ ಮಾತು ಕಿವಿಗೆ ಬಿತ್ತು.

“ಯಾರಪ್ಪಾ ನೀನು? ಯಾಕಿಷ್ಟು ಸೊರಗಿದ್ದೀಯ? ಊಟ ಆಯ್ತಾ?” ಅಜ್ಜಿಯ ದನಿ.

“ಇನ್ನೂ ಇಲ್ಲಮ್ಮ,” ಮ್ಯಾನೇಜರು ನಗುತ್ತಿದ್ದರು.

“ನಮ್ಮ ಗುಮಾಸ್ತರ ಸಾಹೇಬ್ರಾ? ನಮಸ್ಕಾರ!” ಮೈದಾನಕ್ಕೆಲ್ಲ ಕೇಳಿಸಿ ರೂಢಿಯಾದ ಮೇಷ್ಟ್ರ ಗಂಟಲು. “ಅವ್ರ ಚಿಂತೆ ಬಿಟ್ಬಿಡಿ. ನಾವೆಲ್ಲ ಇಲ್ಲೇ ಇರ್ತೀವಿ. ಅವ್ರಿಗೆ ಒಂದು ಕ್ಷಣಾನೂ ಬೇಜಾರಾಗೋಕೆ ಬಿಡಲ್ಲ!”

“ಮೇಷ್ಟ್ರೇ, ಸುಮ್ನಿರ್ರೀ!” ಗುಮಾಸ್ತರು ಕೂಗಿದರು. ಬಾಯಿ ತೆರೆದದ್ದೇ ತಡ, ನೀರು ಬಾಯಿಗೇ ನುಗ್ಗಿತು.

ಪ್ಲಂಬರು ನಿಧಾನವಾಗಿ ಬಂದು ಬಿರಡೆ ಬಿಗಿದ ಮೇಲೆ, ಗುಮಾಸ್ತರು ನೆನೆದ ಕಾಗೆಯಂತೆ ಪರದೆಯ ಮುಂದೆ ಬಂದು ಕುಳಿತರು. ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಇಷ್ಟು ತುಂಬಿದ ಮನೆ ನೋಡಿ ಎಷ್ಟು ಕಾಲ ಆಗಿತ್ತು ಸಾರ್! ನಿಮ್ಮನ್ನ ಇಲ್ಲಿಂದ ಎಬ್ಬಿಸಿ ಆಫೀಸಲ್ಲಿ ಕೂರಿಸೋಕೆ ನಂಗೆ ಮನಸ್ಸು ಬರ್ಲಿಲ್ಲ. ಆ ಕುರ್ಚಿ ಟೈಪಿಸ್ಟಮ್ಮನಿಗೆ ಕೊಟ್ಟೆ. ಪಾಪ, ಮನೇಲಿ ಮಾತಾಡೋಕೂ ಒಂದು ಜೀವ ಇಲ್ವಂತೆ. ಈಗ್ತಾನೆ ಫೋನಲ್ಲಿ ಹೇಳ್ದೆ, ಅತ್ತೇಬಿಟ್ರು. ಅಂದ ಹಾಗೆ, ನೀವೇನೋ ಹೇಳ್ಬೇಕೂಂತಿದ್ರಿ?”

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಕುರ್ಚಿ ತಮಗೆ ಸಿಕ್ಕಿದ್ದರೆ ತಾವೂ ಹಾಗೆಯೇ ಅಳುತ್ತಿದ್ದರೆಂದು ಗುಮಾಸ್ತರಿಗೆ ಗೊತ್ತಿತ್ತು. ಅತ್ತು ಹಗುರಾದವಳಿಂದ ಅದನ್ನು ಕಿತ್ತುಕೊಳ್ಳುವುದು ಹೇಗೆ?

“ಏನಿಲ್ಲ ಸಾರ್. ಒಳ್ಳೇದಾಯ್ತು,” ಎಂದರು.

ಪ್ಲಂಬರು ಚೀಲ ಹೆಗಲಿಗೇರಿಸಿದ. ಮೇಷ್ಟ್ರು ತಮ್ಮ ಬಚ್ಚಲು ಒಣಗಿತೇ ಎಂದು ನೋಡಲು ಇಳಿದರು. ಊಟದ ಹೊತ್ತಿಗೆ ನರ್ಸಮ್ಮ ಬಂದು ಅಜ್ಜಿಯ ಕೈಹಿಡಿದು ಎಬ್ಬಿಸಿದಳು. ಅಜ್ಜಿ ಹೊಸ್ತಿಲಲ್ಲಿ ನಿಂತು ತಿರುಗಿದರು.

“ನಿನ್ನ ಹೆಂಡ್ತಿ ಕಾಣ್ಲೇ ಇಲ್ವಲ್ಲೋ ಮಗಾ?”

ನರ್ಸಮ್ಮ ನಾಲಿಗೆ ಕಚ್ಚಿಕೊಂಡಳು.

“ಹೊರಗೆ ಹೋಗಿದ್ದಾಳಮ್ಮ,” ಎಂದು ಗುಮಾಸ್ತರು ಬಾಗಿಲು ಮುಂದಕ್ಕೆಳೆದುಕೊಂಡರು.

ನೆಲದ ನೀರು ಬಳಿದು, ಅಂಗಿ ಬದಲಿಸಿ ಕೂರುವಷ್ಟರಲ್ಲಿ ಕಂಪನಿಯ ಎಲ್ಲರಿಗೂ ಮ್ಯಾನೇಜರು ಮೀಟಿಂಗಿನ ಪರದೆಯಿಂದ ತೆಗೆದ ಒಂದು ಫೋಟೊ ಕಳಿಸಿದ್ದರು. ಮೇಲೆ ತಲೆಬರಹ: ‘ಮನೆಯಿಂದ ಕೆಲಸ ಮಾಡುವ ಸುಖ: ನಮ್ಮ ಗುಮಾಸ್ತರ ಕುಟುಂಬ’. ನಡುವೆ ಟೀ ಲೋಟ ಹಿಡಿದ ಅಜ್ಜಿ, ಪಕ್ಕದಲ್ಲಿ ಎದೆ ಸೆಟೆಸಿ ನಿಂತ ಮೇಷ್ಟ್ರು, ಹಿಂದೆ ಬಿರಡೆ ಎತ್ತಿ ತೋರಿಸುತ್ತ ಹಲ್ಲು ಬಿಟ್ಟ ಪ್ಲಂಬರು. ಕೆಳಗೆ ಹೊಗಳಿಕೆಯ ಸುರಿಮಳೆ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬರೆದಿದ್ದಳು: ‘ಎಷ್ಟು ಚೆಂದದ ಸಂಸಾರ ಸಾರ್! ಇದರಲ್ಲಿ ನೀವೆಲ್ಲಿ?’

ಗುಮಾಸ್ತರು ಫೋಟೊವನ್ನು ಬಹಳ ಹೊತ್ತು ನೋಡಿದರು. ಎಲ್ಲರ ಮುಖದಲ್ಲೂ ಎಂಥ ನಗು! ಆಮೇಲೆ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು:

‘ಒಳಗಿದ್ದೆ.’