ಉಡಾಫೆಗೆ ಗಡೀಪಾರು

ನಮ್ಮ ಮನೆಯಿಂದ ಉಡಾಫೆಯನ್ನು ಗಡೀಪಾರು ಮಾಡಿಯೇ ತೀರುತ್ತೇನೆಂದು ನಾನು ಗುಡುಗಿದ್ದು ಹೋದ ಭಾನುವಾರ ಬೆಳಿಗ್ಗೆ, ಬರೀ ಬನಿಯನ್ನಿನಲ್ಲಿ ನಿಂತು! ಹಾವೇರಿಯಲ್ಲಿ ಬೀಜದ ಅಂಗಡಿ ಇಟ್ಟವನು ನಾನು. ಗಿರಾಕಿಗಳು ‘ರುದ್ರಮುನಿ ಸಾವಕಾರ್ರ’ ಎಂದು ಕೈಮುಗಿಯುತ್ತಾರೆ. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ!

ಅಂದು ಬ್ಯಾಡಗಿಯಲ್ಲಿ ನನ್ನ ತಮ್ಮನ ನಿಶ್ಚಿತಾರ್ಥ. ಮುಂದಿನ ಸಾಲಿನಲ್ಲಿ ಮೀಸೆ ತಿರುವಿ ಕೂರಬೇಕಾದ ಹಿರಿಯಣ್ಣ ನಾನು.

“ಸುಧಾ, ನನ್ನ ಬಿಳಿ ಅಂಗಿ ಎಲ್ಲೈತಿ?”

ಹಿತ್ತಿಲಿನಿಂದ ಹೆಂಡತಿ ಸುಧಾರಾಣಿಯ ಉತ್ತರ ಬಂತು: “ಆಕಳ ತಿಂತ್ರೀ!”

ಕೇಳಿದಿರಾ? ಕಟ್ಟಿಕೊಂಡ ಗಂಡನಿಗೆ ಕೊಡುವ ಉತ್ತರವೇ ಇದು? ನನ್ನ ಮೈಯೆಲ್ಲ ಉರಿಯಿತು.

“ಇದಕ್ಕ ಉಡಾಫಿ ಅಂತಾರ!”

“ಹಂಗಂದ್ರೇನ್ರಿ?” ಕಸಬರಿಗೆ ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದಳು.

“ತಿಳ್ಕೋ! ಚ್ಯಾಷ್ಟಿ ಬ್ಯಾರೆ, ಉಡಾಫಿ ಬ್ಯಾರೆ. ಚ್ಯಾಷ್ಟಿ ಇಬ್ಬರನ್ನೂ ನಗಸ್ತೈತಿ. ಎದುರಿಗಿದ್ದವರಿಗೆ ಕಿಮ್ಮತ್ತ ಕೊಡದ ಹಗುರ ಉತ್ತರ ಒಗಿಯೋದು ಉಡಾಫಿ. ವಾಕ್ಯದಾಗ ಬಳಸಿ ತೋರಸ್ಲೇನು? ‘ಗಂಡ ಅಂಗಿ ಕೇಳಿದ್ರ ಹೆಂಡತಿ ಉಡಾಫಿ ಉತ್ತರ ಕೊಟ್ಟಳು!’”

“ಅಯ್ಯ, ಖರೇನ ತಿನ್ನಾಕತ್ತೈತ್ರೀ, ಲಗೂ ಬರ್ರಿ!”

“ನೋಡು, ಮತ್ತ ಉಡಾಫಿ!”

ಇನ್ನು ತಡೆಯಲಾರದೆ ಕರ್ಜಗಿಗೆ ಫೋನ್ ಹಚ್ಚಿದೆ. ನನ್ನ ಮಾವ ಶೇಖಪ್ಪನವರು ಊರಿನ ಜಗಳಗಳನ್ನೆಲ್ಲ ಬಗೆಹರಿಸುವ ಹಿರಿಯರು. ಮಗಳ ಉಡಾಫೆಯ ವರದಿ ಕೇಳಿದ್ದೇ ತಡ, ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದರು. ಬಾಗಿಲಲ್ಲೇ ಗರ್ಜಿಸಿದರು:

“ಏನವಾ ಸುಧಾ, ನಾವು ನಿನಗ ಇದನ್ನ ಕಲಿಸೇವೇನು?”

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಮ್ಮಿಬ್ಬರನ್ನೂ ಹಿತ್ತಿಲಿಗೆ ಕರೆದೊಯ್ದಳು.

ಬಚ್ಚಲಮನೆಯ ಹಿಂದೆ ಓಣಿಯ ಆಕಳು ಕಣ್ಣು ಅರೆಮುಚ್ಚಿ ಮೆಲ್ಲುತ್ತಿತ್ತು. ಬಾಯಿಂದ ಅಂಗಿಯ ಒಂದು ತೋಳು ಜೋತಾಡುತ್ತಿತ್ತು, ಗುಂಡಿ ಸಮೇತ! ಸಾಕ್ಷಿ ತಪ್ಪಿಸಿಕೊಳ್ಳಬಾರದೆಂದು ಸುಧಾ ಗೇಟಿಗೆ ಚಿಲಕ ಬೇರೆ ಹಾಕಿದ್ದಳು.

ಮಾವ ಹಾರಿ ತೋಳು ಹಿಡಿದರು. ಅವರು ಈಚೆ ಎಳೆದರು, ಆಕಳು ಆಚೆ ಎಳೆಯಿತು. ಪರ್ರ್! ಆಕಳು ಗೇಟನ್ನೇ ಕಿತ್ತುಕೊಂಡು ಓಣಿಗೆ ಓಡಿತು. ಮಾವ ತೋಳಿನೊಂದಿಗೆ ಸಗಣಿಯಲ್ಲಿ ಕುಳಿತರು!

“ಹುಲ್ಲ ಬಿಟ್ಟು ಅಂಗೀನ ಯಾಕ ತಿಂತವಾ ಅದು?” ಎಂದು ನರಳಿದರು.

“ಅನ್ನದ ಗಂಜಿ ಗಟ್ಟಿಯಾಗಿ ಹಾಕು, ಅಂಗಿ ತಾನ ಎದ್ದ ನಿಂದರಬೇಕು ಅಂತ ನಿಮ್ಮ ಅಳಿಯಂದ್ರ ಹಠ!”

ಮಾವ ನನ್ನತ್ತ ನೋಡಿದ ನೋಟವನ್ನು ಬರೆಯಲಾರೆ. ಅಷ್ಟರಲ್ಲಿ ಬ್ಯಾಡಗಿಯಿಂದ ತಮ್ಮನ ಫೋನ್ ಬೇರೆ ಹೊಡೆದುಕೊಳ್ಳತೊಡಗಿತು. ನನ್ನ ಗುಡುಗು ಪಿಸುಮಾತಾಯಿತು.

“ಸುಧಾ... ನಿಶ್ಚಿತಾರ್ಥಕ್ಕ ಈಗ ಏನ್ ಮಾಡೂದು?”

“ಆಕಳನ್ನ ಕಳಸ್ರಿ. ಅಂಗಿ ಅದರ ಮೈಯಾಗೈತಿ!” ಎಂದಳು ಸುಧಾ. ಮಾವ ಸಗಣಿಯಲ್ಲಿ ಕುಳಿತೇ ನಗತೊಡಗಿದರು. ಆಕೆ ಮಾತ್ರ ನಗದೆ, ಪಾಠ ಹೇಳುವ ಧಾಟಿಯಲ್ಲಿ ಸೇರಿಸಿದಳು:

“ಉಡಾಫಿ ಅಂದ್ರ ಇದು ನೋಡ್ರಿ. ಆಗ ನಾ ಹೇಳಿದ್ದು ಬರೇ ಸುದ್ದಿ!”