ಮಾಸ್ಕು ಮತ್ತು ಮೀಸೆ

ಹೊಸದಾಗಿ ಕೊಂಡ ವಸ್ತುವಿನಲ್ಲಿ ದೋಷ ಕಂಡರೆ ಅದನ್ನು ಅಂಗಡಿಯವನ ಮೇಜಿನ ಮೇಲೆ ಕುಕ್ಕಿ, “ಏನ್ರೀ ಇದು?” ಎಂದು ಕೇಳುವ ಗಂಡಸರನ್ನು ಕಂಡರೆ ನನಗೆ ಭಯ, ಗೌರವ ಎರಡೂ. ನನ್ನ ಜಾಯಮಾನ ಅದಲ್ಲ. ಹೊಸ ಚಪ್ಪಲಿ ಕಚ್ಚಿದರೆ ನಾನು ಕಾಲನ್ನು ಅನುಮಾನಿಸುವವನು. ಮದುವೆಯ ಹೊಸದರಲ್ಲಿ ಕೊಂಡ ಮಿಕ್ಸಿಯೊಂದು ಮುಟ್ಟಿದವರಿಗೆಲ್ಲ ಶಾಕ್ ಹೊಡೆಯುತ್ತಿತ್ತು. ನನ್ನ ಕೈಯಲ್ಲೇ ಏನೋ ಪಸೆ ಇದೆ ಎಂದುಕೊಂಡು ವರ್ಷವಿಡೀ ಟವೆಲ್ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದೆ. “ನಿಮಗೆ ಮೋಸ ಮಾಡಿದವ್ರಿಗೆ ಸುಖ ಇಲ್ಲ, ನೀವೇ ಹೋಗಿ ಕ್ಷಮೆ ಕೇಳಿ ಬರ್ತೀರಿ” ಎನ್ನುತ್ತಾಳೆ ಹೆಂಡತಿ ಗಿರಿಜೆ. ಇಂಥ ನಾನು ಐವತ್ತಮೂರನೆಯ ವಯಸ್ಸಿನಲ್ಲಿ, ಬಣಕಲ್ ಹತ್ತಿರದ ಕಾಫಿ ತೋಟದಲ್ಲಿ ಕೂತು, ನೀರಿನೊಳಗೆ ಉಸಿರಾಡುವ ಸಾಮಾನು ಕೊಂಡೆ. ಸ್ಕೂಬಾ ಡೈವಿಂಗ್ ಎನ್ನುತ್ತಾರಲ್ಲ, ಅದರದ್ದು. ಕೊಂಡದ್ದು ತಪ್ಪು ಎಂದು ಈಗ ಊರೆಲ್ಲ ಹೇಳುತ್ತಿದೆ. ಊರಿಗೆ ಅರ್ಧ ಕಥೆ ಮಾತ್ರ ಗೊತ್ತು.

ಹಿಂದಿನ ವರ್ಷದ ಕೊನೆಯಲ್ಲಿ ನಾವು ನಾಲ್ಕೈದು ಬೆಳೆಗಾರರು ಸೇರಿ ಮುರುಡೇಶ್ವರದ ಕಡೆಗೆ ಹೋಗಿದ್ದೆವು. ಅಲ್ಲಿ ದೋಣಿಯಲ್ಲಿ ದ್ವೀಪಕ್ಕೆ ಕರೆದೊಯ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿ ಸಮುದ್ರಕ್ಕೆ ಇಳಿಸಿದರು. ಮೊದಲ ಐದು ನಿಮಿಷ ಮನೆದೇವರು, ಗ್ರಾಮದೇವತೆ ಎಲ್ಲರಿಗೂ ಹರಕೆ ಹೊತ್ತೆ. ಆಮೇಲೆ ಹಿತವಾಯಿತು. ನೀರಿನೊಳಗೆ ಯಾರೂ ಮಾತಾಡುವುದಿಲ್ಲ. “ನಮ್ಮಲ್ಲಿ ಅರ್ಧ ಇಂಚು ಮಳೆ, ನಿಮ್ಮಲ್ಲಿ ಎಷ್ಟು?” ಎಂದು ಕೇಳುವವರಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟಿದೆ ಎಂದು ಯಾರೂ ಬರುವುದಿಲ್ಲ. ಹಳದಿ ಮೀನೊಂದು ಮುಖದ ಹತ್ತಿರ ಬಂದು ನನ್ನನ್ನು ನೋಡಿ, ವಿಶೇಷವೇನಿಲ್ಲ ಎಂದು ಹೊರಟುಹೋಯಿತು. ಅಷ್ಟು ನಿರ್ವಿಕಾರವಾಗಿ ನನ್ನನ್ನು ಯಾರೂ ನೋಡಿರಲಿಲ್ಲ. ಮನೆಗೆ ಬಂದವನೇ ಮಾಸ್ಕು, ಜಾಕೆಟ್ಟು, ಉಸಿರಿನ ಕೊಳವೆ ಎಲ್ಲ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಗಾಳಿ ತುಂಬಿದ ಸಿಲಿಂಡರೊಂದನ್ನು ಕರಾವಳಿಯಿಂದ ಜೀಪಿನಲ್ಲಿ ತಂದೆ. “ಆಕಾಶದಿಂದ ಬೀಳೋ ನೀರು ಸಾಲ್ದೆ ಈಗ ನೀರೊಳಗೇ ಇಳೀಬೇಕಾ?” ಎಂದಳು ಗಿರಿಜೆ. “ಇದು ಶೋಕಿ ಅಲ್ಲ, ತೋಟದ ಕೆಲಸಕ್ಕೆ” ಎಂದೆ. ಆ ಒಂದು ಮಾತೇ ನನ್ನ ಕುತ್ತಿಗೆಗೆ ಬಂತು.

ತೋಟದ ಕೆಲಸ ಎಂದರೆ ಇದು. ಬೇಸಿಗೆಯಲ್ಲಿ ರೋಬಸ್ಟಾ ಗಿಡದ ಮೊಗ್ಗು ನೀರಿಗಾಗಿ ಕಾದಿರುತ್ತದೆ. ಹೂಮಳೆ ಬಂದರೆ ಸರಿ, ಬಾರದಿದ್ದರೆ ಕೆರೆಯಿಂದ ಪಂಪು ಹಚ್ಚಿ ಸ್ಪ್ರಿಂಕ್ಲರ್‌ನಲ್ಲಿ ನಾವೇ ಮಳೆ ಸುರಿಸಬೇಕು. ಹೂ ಅರಳಿದ ಮೇಲೆ ಮೂರು ವಾರದೊಳಗೆ ಇನ್ನೊಂದು ನೀರು ಬೀಳಲೇಬೇಕು, ಅದಕ್ಕೆ ಬ್ಯಾಕಿಂಗ್ ಎನ್ನುತ್ತೇವೆ. ಅದು ತಪ್ಪಿದರೆ ಕಾಯಿ ಕಚ್ಚುವುದಿಲ್ಲ, ಆ ವರ್ಷದ ಬೆಳೆಗೆ ಎಳ್ಳುನೀರು ಬಿಟ್ಟಂತೆ. ಪಂಪಿನ ಪೈಪಿನ ತುದಿಯಲ್ಲಿ, ಕೆರೆಯ ತಳದಲ್ಲಿ, ಫುಟ್‌ವಾಲ್ವ್ ಎಂಬ ಜಾಲರಿಯ ಬಾಯಿ ಇದೆ. ಅದಕ್ಕೆ ಪ್ರತಿವರ್ಷ ಸಿಲ್ವರ್ ಓಕ್ ಎಲೆ, ಕೆಸರು ಮೆತ್ತಿಕೊಳ್ಳುತ್ತದೆ. ನಮ್ಮಪ್ಪ ಹಾಕಿಸಿದ ಕಬ್ಬಿಣದ ಪೈಪು, ಎತ್ತಲು ಆನೆ ಬೇಕು. ಹಾಗಾಗಿ ಪ್ರತಿ ಜನವರಿಯಲ್ಲಿ ಲೋಕಪ್ಪ ಬಂದು, ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, ಒಂದೇ ಉಸಿರಿಗೆ ಮುಳುಗಿ ಅದನ್ನು ಕೆರೆದು ಬರುತ್ತಿದ್ದ.

ಈ ಲೋಕಪ್ಪನಿಗೆ ಅರವತ್ತೈದು ದಾಟಿದೆ. ಬಣಕಲ್ ಪಕ್ಕದಲ್ಲಿ ಮನೆ. ಈ ವರ್ಷ ಅವನು ಬಂದಾಗ ನಾನು ಗತ್ತಿನಿಂದ, “ಲೋಕಪ್ಪ, ಇನ್ಮೇಲೆ ನೀನು ಮುಳುಗೋದು ಬೇಡ. ವಯಸ್ಸಾಯ್ತು. ಮಿಷನ್ ತರಿಸ್ತಾ ಇದೀನಿ” ಎಂದೆ. ಅವನ ಒಳ್ಳೆಯದಕ್ಕೇ ಹೇಳಿದೆ ಎಂದು ಆಗ ನಂಬಿದ್ದೆ. ಅವನು ಜಗಿಯುವುದನ್ನು ನಿಲ್ಲಿಸಿದ. “ನಲವತ್ತು ವರ್ಷ ನಿಮ್ಮ ಕೆರೇಲಿ ಮುಳುಗಿದೀನಿ ಅಯ್ಯಾ. ಆ ಉಸಿರು ಯಾರೂ ತರಿಸಿ ಕೊಟ್ಟಿದ್ದಲ್ಲ, ನಂದೇ” ಎಂದು ಹೇಳಿ ಹೊರಟುಹೋದ. ಪಾರ್ಸೆಲ್ ತಡವಾಯಿತು. ವಾಲ್ವ್ ತೊಳೆಯದೆಯೇ ಮೊದಲ ನೀರು ಹೇಗೋ ಕೊಟ್ಟೆವು. ಬೆಟ್ಟವೆಲ್ಲ ಬಿಳಿ ಹೂವಾಯಿತು. ಹೂ ಬಂದು ಹನ್ನೆರಡನೆಯ ದಿನ, ಎರಡನೆಯ ನೀರಿಗೆ ಹಚ್ಚಿದ ಪಂಪು ಒಂದು ಸಲ ಕೆಮ್ಮಿ ನಿಂತಿತು.

ಅಷ್ಟರಲ್ಲಿ ಸಾಮಾನು ಬಂದಿತ್ತು. ಗಿರಿಜೆ ಎಲ್ಲಕ್ಕೂ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದಳು. ನಾನು ಕೆರೆ ಏರಿಯ ಮೇಲೆ ಕಪ್ಪು ರಬ್ಬರ್ ಅಂಗಿಯೊಳಗೆ ನನ್ನನ್ನು ತುರುಕಿಕೊಂಡೆ. ಕೆಲಸದ ಹೆಂಗಸರು ಗಿಡ ಬಿಟ್ಟು ಬಂದು ಸಾಲಾಗಿ ನಿಂತರು. ಕರೆಯದಿದ್ದರೂ ಲೋಕಪ್ಪ ಬಂದು ಏರಿಯ ತುದಿಯಲ್ಲಿ ಕೂತ. ನಾನು ಇಳಿದೆ. ನಾಲ್ಕಡಿ ಹೋಗುವಷ್ಟರಲ್ಲಿ ಮಾಸ್ಕಿನೊಳಗೆ ನೀರು ಬಂತು, ಮೂಗಿನ ತನಕ ಏರಿತು. ಅದನ್ನು ಹೊರಗೆ ಹಾಕುವ ಉಪಾಯ ಸಮುದ್ರದಲ್ಲಿ ಹೇಳಿಕೊಟ್ಟಿದ್ದರು, ನೆನಪು ಮಾಡಿಕೊಳ್ಳುವ ಮೊದಲೇ ಜಾಕೆಟ್ಟು ತಾನಾಗಿ ಬುಸ್ಸೆಂದು ಗಾಳಿ ತುಂಬಿಕೊಳ್ಳತೊಡಗಿತು. ಗಾಳಿ ತುಂಬುವ ಗುಂಡಿ ಒಳಗೆ ಸಿಕ್ಕಿಕೊಂಡಿತ್ತು. ನಾನು ಮೇಲೆ ಬಂದು, ಅಂಗಾತವಾಗಿ, ಕೈಕಾಲು ಚಾಚಿ, ಸತ್ತ ಕಪ್ಪೆಯಂತೆ ತೇಲಿದೆ. ಜಾಕೆಟ್ಟು ಉಬ್ಬಿ ನನ್ನ ಪಕ್ಕೆಲುಬುಗಳನ್ನು ಅಪ್ಪಿಕೊಂಡಿತು. ಸಿಲಿಂಡರಿನ ಗಾಳಿ ಮುಗಿಯುವವರೆಗೂ ನಾನು ನಿಧಾನವಾಗಿ ಸುತ್ತುತ್ತಿದ್ದೆ, ಹಾಗಾಗಿ ಏರಿಯ ಮೇಲಿದ್ದ ಎಲ್ಲರ ಮುಖವನ್ನೂ ನೋಡಿದೆ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಲೋಕಪ್ಪ ಮಾತ್ರ ನಗಲಿಲ್ಲ. ಎದ್ದು, ಪಂಚೆ ಕೊಡವಿ, ಮನೆಗೆ ಹೋದ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಕಾಫಿ ಕಣದ ಮೂಲೆಗೆ ಹೋಗಿ, ನೆಟ್‌ವರ್ಕ್ ಸಿಗುವ ಒಂದೇ ಕಲ್ಲಿನ ಮೇಲೆ ನಿಂತು, ಕಂಪನಿಗೆ ಫೋನು ಮಾಡಿದೆ. ತಗೊಂಡವನು ವಿನಯವಂತ ಹುಡುಗ. “ಯಾವ ಸಮುದ್ರ ಸಾರ್?” ಎಂದು ಕೇಳಿದ. ಕೆರೆ ಎಂದೆ. ಅದನ್ನು ಬರೆದುಕೊಂಡು, “ಜಾಕೆಟ್ ಗುಂಡಿನ ನೀವೇ ಗಾಬರೀಲಿ ಒತ್ತಿ ಹಿಡ್ಕೊಂಡಿರ್ತೀರಿ ಸಾರ್. ಹೊಸಬರೆಲ್ಲ ಹಾಗೇ” ಎಂದ. ಇರಬಹುದು ಎಂದೆ. ಪಕ್ಕದಲ್ಲಿದ್ದ ಗಿರಿಜೆ, “ಎರಡೂ ಕೈ ಆಕಾಶಕ್ಕೆ ಎತ್ತಿದ್ರಲ್ರೀ, ಒತ್ತಿದ್ದು ಯಾವ ಕೈಯಲ್ಲಿ?” ಎಂದಳು. ನಾನು ಅವಳಿಗೆ ಸುಮ್ಮನಿರಲು ಸನ್ನೆ ಮಾಡಿ ಮಾಸ್ಕಿನ ವಿಷಯ ಎತ್ತಿದೆ.

“ಮೀಸೆ ಇದೆಯಾ ಸಾರ್?”

“ಇದೆ.”

“ದಪ್ಪಾನಾ?”

“ಮಧ್ಯಮ.”

“ಅದೇ ಪ್ರಾಬ್ಲಮ್. ಮೀಸೆ ಇದ್ರೆ ರಬ್ಬರ್ ಕೂರಲ್ಲ, ನೀರು ಒಳಗೆ ಬರುತ್ತೆ. ತೆಗೆದು ನೋಡಿ ಸಾರ್.”

ಎಷ್ಟು ಸಲೀಸಾಗಿ ಹೇಳಿದ ನೋಡಿ. ಇಪ್ಪತ್ತೆಂಟು ವರ್ಷದ ಮೀಸೆ ಅದು. ಮದುವೆಯ ಫೋಟೋದಲ್ಲಿ ನನ್ನನ್ನು ಗುರುತು ಹಿಡಿಯುವುದು ಅದರಿಂದಲೇ. ತೋಟದಲ್ಲಿ ನಾಲ್ಕು ಜನ ನನ್ನ ಮಾತು ಕೇಳುತ್ತಾರೆ ಎಂದರೆ ಅರ್ಧ ಶ್ರೇಯಸ್ಸು ಅದಕ್ಕೆ ಸೇರಬೇಕು. ಆದರೆ ಹೂ ಬಂದು ಹದಿನಾಲ್ಕನೆಯ ದಿನ. ದೇವರಮನೆ ಬೆಟ್ಟದ ಕಡೆ ಮಧ್ಯಾಹ್ನ ಮೋಡ ಕಟ್ಟಿ, ನಮ್ಮ ತಲೆಯ ಮೇಲೆ ಬರುವಷ್ಟರಲ್ಲಿ ಚದುರಿಹೋಗುತ್ತಿತ್ತು. ಕಳಸದಿಂದ ಭಾವಮೈದುನ ಫೋನು ಮಾಡಿ, “ನಮ್ಮಲ್ಲಿ ಒಂದಿಂಚು ಹೊಡೀತು ಮಾರಾಯ್ರೆ” ಎಂದು ಬೇರೆ ಹೇಳಿದ. ತೋಟದ ಲೆಕ್ಕ ಬರೆಯುವ ರೈಟರ್ ಮಂಜುವನ್ನು ಲೋಕಪ್ಪನ ಮನೆಗೆ ಕಳಿಸಿದ್ದೆ. “ಮಿಷನ್ ರಿಪೇರಿ ಆಗ್ಲಿ, ಕಾಯೋಣ ಅಂದ್ರು” ಎಂದು ಅವನು ತಲೆ ಕೆರೆಯುತ್ತ ವಾಪಸು ಬಂದ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮೀಸೆ ಬೋಳಿಸಿದೆ. ನನಗೆ ನಿಜವಾಗಿ ಅಳು ಬಂತು.

ಹೊರಗೆ ಬಂದಾಗ ಗಿರಿಜೆ ನನ್ನನ್ನು ನೋಡಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ನಿಮ್ಮ ಮುಖ ಇಷ್ಟೇನಾ?” ಎಂದಳು. ನಾನು ಮತ್ತೆ ಒಳಗೆ ಹೋದೆ. ಬಚ್ಚಲ ತೊಟ್ಟಿಯಲ್ಲಿ ನೀರು ತುಂಬಿ, ಮಾಸ್ಕ್ ಹಾಕಿ ಮುಖ ಅದ್ದಿದೆ. ಹತ್ತು ಎಣಿಸುವಷ್ಟರಲ್ಲಿ ಮೂಗಿನವರೆಗೂ ನೀರು. ಗಿರಿಜೆ ಅದನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. “ಇಲ್ಲಿ ನೋಡ್ರಿ” ಎಂದು ತೋರಿಸಿದಳು. ಹಣೆಯ ಮೇಲೆ ಕೂರುವ ರಬ್ಬರಿನಲ್ಲಿ, ಅಚ್ಚು ಹೊಯ್ಯುವಾಗಲೇ ಆದ ಒಂದು ಮಡಿಕೆ, ಕೂದಲೆಳೆಯಷ್ಟು ಸಪೂರ. ಮೀಸೆಗೂ ಅದಕ್ಕೂ ಮೂರು ಇಂಚು ದೂರ. ಫೋಟೋ ತೆಗೆದು ಕಳಿಸಿದೆ. ವಿನಯವಂತ ಹುಡುಗ ತಾನೇ ಫೋನು ಮಾಡಿದ. “ಹೌದು ಸಾರ್, ಇದು ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್. ಜಾಕೆಟ್ ಗುಂಡಿದೂ ಈ ಲಾಟಲ್ಲಿ ಕಂಪ್ಲೇಂಟ್ ಇದೆ. ಇಪ್ಪತ್ತು ವರ್ಕಿಂಗ್ ಡೇಸಲ್ಲಿ ಬೇರೆ ಕಳಿಸ್ತೀವಿ” ಎಂದ. “ಮತ್ತೆ ಮೀಸೆ?” ಎಂದು ಕೇಳಿದೆ. “ಯಾವ ಮೀಸೆ ಸಾರ್?” ಎಂದ ಪುಣ್ಯಾತ್ಮ.

ಹದಿನೇಳನೆಯ ದಿನ ಬೆಳಿಗ್ಗೆ ನಾನೇ ಜೀಪು ತೆಗೆದುಕೊಂಡು ಲೋಕಪ್ಪನ ಮನೆಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಬಾಯಿಪಾಠ ಮಾಡಿದ್ದೆ. ಅವನು ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ತಲೆ ಎತ್ತಿದವನು ನನ್ನ ಮೇಲ್ದುಟಿಯನ್ನು ನೋಡಿದ. ಕತ್ತಿ ಕೆಳಗಿಟ್ಟು ಎದ್ದು ನಿಂತು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದ. ನಮ್ಮ ಕಡೆ ಗಂಡಸರು ಸುಮ್ಮನೆ ಮೀಸೆ ತೆಗೆಯುವುದಿಲ್ಲ. ತೆಗೆದರೆ ಮನೆಯಲ್ಲಿ ಹಿರಿಯರು ಹೋದರೆಂದೇ ಲೆಕ್ಕ. ನಮ್ಮ ಮನೆಯಲ್ಲಿ ಉಳಿದ ಹಿರಿಯಳು ಅಮ್ಮ ಒಬ್ಬಳೇ.

“ಅಮ್ಮಾವ್ರಾ?” ಎಂದು ಮೆಲ್ಲಗೆ ಕೇಳಿದ.

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಅವನು ಅದನ್ನು ದುಃಖ ಎಂದುಕೊಂಡ. “ಏನೂ ಹೇಳ್ಬೇಡಿ ಅಯ್ಯಾ. ನಡೀರಿ, ಮೊದ್ಲು ಕೆರೆ ಕೆಲ್ಸ ಮುಗಿಸ್ತೀನಿ. ಇಂಥ ಹೊತ್ತಲ್ಲಿ ನಿಮಗೆ ಅದೊಂದು ಚಿಂತೆ ಬೇಡ” ಎಂದು ಜೀಪು ಹತ್ತಿದ. ಚಿಕ್ಕಮಗಳೂರಿನ ತಮ್ಮನ ಮನೆಯಲ್ಲಿ ಆ ಹೊತ್ತಿಗೆ ಅಮ್ಮ ಅವಲಕ್ಕಿ ತಿಂದು, ಉಪ್ಪು ಸಾಲದೆಂದು ಸೊಸೆಗೆ ಹೇಳುತ್ತಿದ್ದಿರಬೇಕು. ಲೋಕಪ್ಪ ದಾರಿಯುದ್ದಕ್ಕೂ ಅಮ್ಮನ ಗುಣಗಾನ ಮಾಡಿದ. ಅವನ ಮಗಳ ಬಾಣಂತನಕ್ಕೆ ಕೊಟ್ಟ ತುಪ್ಪ, ಜ್ವರದಲ್ಲಿ ಕಾಯಿಸಿಕೊಟ್ಟ ಗಂಜಿ, ಎಲ್ಲ ನೆನೆದು ಕಣ್ಣೊರೆಸಿಕೊಂಡ. ನಿಲ್ಲಿಸು, ಅಮ್ಮ ಬದುಕಿದ್ದಾರೆ ಎಂದು ಹೇಳುವುದಕ್ಕೆ ಪ್ರತಿ ತಿರುವಿನಲ್ಲೂ ಗಂಟಲು ಸರಿಮಾಡಿಕೊಂಡೆ. ಪ್ರತಿ ತಿರುವಿನಲ್ಲೂ ಗಿಡಗಳ ಮೇಲೆ ಒಣಗಿದ ಹೂ ಕಾಣುತ್ತಿತ್ತು. ಒಂದು ಫುಟ್‌ವಾಲ್ವಿಗಾಗಿ ಹೆತ್ತ ತಾಯಿಯನ್ನು ಅರ್ಧ ಗಂಟೆ ಸಾಯಿಸಿದ ಮಗ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಲೋಕಪ್ಪ ಎಲೆಅಡಿಕೆ ಉಗುಳಿ ಮುಳುಗಿದ. ಮೂರು ಸಲ ಮೇಲೆ ಬಂದ, ಮೂರು ಸಲವೂ ಕೈತುಂಬ ಕೊಳೆತ ಎಲೆ. ನಾಲ್ಕನೆಯ ಸಲ ಮುಳುಗಿ ಎದ್ದು, ಹಚ್ಚಿ ಎಂದು ಕೈ ಮಾಡಿದ. ಪಂಪು ಹಿಡಿಯಿತು. ಗುಡ್ಡದ ಮೇಲಿನ ಸ್ಪ್ರಿಂಕ್ಲರು ತಿರುಗಿ ಗಿಡಗಳ ಮೇಲೆ ನೀರು ಬಿದ್ದ ಸದ್ದು ಕೇಳಿದಾಗ ನಾನು ಏರಿಯ ಮೇಲೆ ಕೂತುಬಿಟ್ಟೆ. ಅವನು ಒದ್ದೆ ಮೈಯಲ್ಲೇ ಬಂದು ಪಕ್ಕದಲ್ಲಿ ಕೂತ.

“ಮಣ್ಣು ಯಾವತ್ತಾಯ್ತು ಅಯ್ಯಾ?” ಎಂದು ಕೇಳಿದ.

ಇನ್ನು ತಡೆಯಲಾಗಲಿಲ್ಲ. “ಅಮ್ಮ ಚೆನ್ನಾಗಿದಾರೆ ಲೋಕಪ್ಪ” ಎಂದೆ. ಮಾಸ್ಕಿನ ಕಥೆ, ಹುಡುಗ ಹೇಳಿದ್ದು, ಬಚ್ಚಲು, ರಬ್ಬರಿನ ಮಡಿಕೆ, ಎಲ್ಲ ಹೇಳಿದೆ. ಅವನು ಒದ್ದೆ ಟವೆಲ್ ಕೈಗೆತ್ತಿಕೊಂಡ. ಈಗ ಎದ್ದು ಹೋಗುತ್ತಾನೆ, ಇನ್ನು ಈ ಜನ್ಮದಲ್ಲಿ ನನ್ನ ತೋಟಕ್ಕೆ ಕಾಲಿಡುವುದಿಲ್ಲ ಎಂದುಕೊಂಡೆ.

“ಅಮ್ಮಾವ್ರು ಇದಾರಲ್ಲ, ಅಷ್ಟು ಸಾಕು” ಎಂದ. ಟವೆಲ್ ಹಿಂಡಿ ಮುಖ ಒರೆಸಿಕೊಂಡು, ನನ್ನ ಬೋಳು ತುಟಿಯನ್ನು ಇನ್ನೊಮ್ಮೆ ನೋಡಿದ. “ಅಲ್ಲ ಅಯ್ಯಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹುಡುಗ ಮೂಗು ಅಡ್ಡ ಬರ್ತದೆ ಅಂದಿದ್ರೆ ಏನು ಮಾಡ್ತಿದ್ರಿ?”

ಛೆ, ಹಾಗೆಲ್ಲಾದರೂ ಉಂಟಾ ಎಂದು ನಕ್ಕುಬಿಡಬಹುದಿತ್ತು. ನಗಲಿಲ್ಲ. ಕನಿಷ್ಠ ಕನ್ನಡಿಯ ಮುಂದೆ ಹೋಗಿ ನಿಂತು, ಮೂಗನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿರುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಲೋಕಪ್ಪನಿಗೂ ಗೊತ್ತಿತ್ತು.