ಸುಮಿತ್ರಮ್ಮನ ಜ್ವಾಲಾಮುಖಿ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು, ಬಾಳ್ಳುಪೇಟೆ ಕಡೆ ಬಸ್ಸಿದೆ. ಕೂತವರು ಕೇಳಿ: ಆಲೂರು ತಾಲ್ಲೂಕಿನಲ್ಲಿ ಒಂದು ಜೀವಂತ ಜ್ವಾಲಾಮುಖಿ ಇದೆ. ಮಗ್ಗೆ ಪಕ್ಕ, ನಮ್ಮ ಕೊಟ್ಟಿಗೆಯ ಹಿಂದೆ. ಮನೆ ಹಿತ್ತಲಲ್ಲಿ ಜ್ವಾಲಾಮುಖಿ ಇಟ್ಟುಕೊಂಡ ಗಂಡು ಇಡೀ ಹಾಸನ ಜಿಲ್ಲೆಗೆ ನಾನೊಬ್ಬನೇ. ಹೆಸರು ಗುರು. ಬೇಕಾದರೆ ವಿಚಾರಿಸಿಕೊಳ್ಳಿ.

ಮೊದಲು ಅದು ನಮ್ಮವ್ವ ಸುಮಿತ್ರಮ್ಮನ ತಿಪ್ಪೆಯಾಗಿತ್ತು. ನಮ್ಮ ಹಸು ಕೆಂಪಿಯ ಸಗಣಿ, ಎಸ್ಟೇಟಿನಿಂದ ಹೊತ್ತು ತಂದ ಕಾಫಿ ಹಣ್ಣಿನ ಸಿಪ್ಪೆ, ಒಲೆಯ ಬೂದಿ, ಎಲ್ಲವನ್ನೂ ವರ್ಷವಿಡೀ ಪೇರಿಸಿ, ಬೇಸಿಗೆಯ ಮೊದಲ ಮಳೆ ಬಿದ್ದ ಕೂಡಲೇ ಶುಂಠಿ ಹೊಲಕ್ಕೆ ಹೊರುವುದು ಅವ್ವನ ಪದ್ಧತಿ. ಕಾಫಿ ಸಿಪ್ಪೆ ಕೊಳೆತರೆ ತಿಪ್ಪೆ ಒಳಗೊಳಗೇ ಕಾಯುತ್ತದೆ, ಚಳಿಗಾಲದ ಬೆಳಿಗ್ಗೆ ಹೊಗೆಯಾಡುತ್ತದೆ. ಇದು ನಮ್ಮೂರ ಕೋಳಿಗಳಿಗೂ ಗೊತ್ತು.

ಅಂಥ ಒಂದು ಬೆಳಿಗ್ಗೆ ಜೀಪೊಂದು ಬಂದು ನಿಂತಿತು. ಇಳಿದವರು ಜ್ವಾಲಾಮುಖಿ ಸಂಶೋಧನಾ ಉಪಕೇಂದ್ರದ ಡಾ. ಮೃತ್ಯುಂಜಯ ಸಾಹೇಬರು, ಜೊತೆಗೆ ಸಹಾಯಕಿ ತನುಜಾ. ಸ್ಫೋಟ, ಲಾವಾ ಹರಿವು ಮತ್ತು ಅನಿಲ ಹೊರಸೂಸುವಿಕೆ ಇವುಗಳನ್ನು ಅಧ್ಯಯನ ಮಾಡಲು ಉಪಕೇಂದ್ರ ಮಂಜೂರಾಗಿತ್ತು. ಜ್ವಾಲಾಮುಖಿ ಮಂಜೂರಾಗಿರಲಿಲ್ಲ. ಜೀಪು ಜಿಲ್ಲೆಯ ಗಡಿ ದಾಟಬಾರದೆಂಬ ನಿಯಮವಿದ್ದುದರಿಂದ ಸಾಹೇಬರು ಸಕಲೇಶಪುರ, ಆಲೂರು ಗುಡ್ಡಗಳಲ್ಲೇ ಹುಡುಕುತ್ತಿದ್ದರು.

"ಸಾರ್, ಇದು ತಿಪ್ಪೆ ಥರ ಕಾಣ್ತಿದೆ" ಎಂದಳು ತನುಜಾ.

"ಕಾಣೋದನ್ನೆಲ್ಲ ನಂಬ್ಕೊಂಡ್ರೆ ವಿಜ್ಞಾನ ಎಲ್ಲಮ್ಮ ಮುಂದುವರಿಯುತ್ತೆ?" ಎಂದ ಸಾಹೇಬರು ಉಷ್ಣಮಾಪಕ ತೂರಿಸಿದರು. ಬಿಸಿ ಇತ್ತು. ಅನಿಲಮಾಪಕ ಹಿಡಿದರು. ಅನಿಲವೂ ಇತ್ತು. ಬುಡದಿಂದ ಕರಿ ರಸ ಜಿನುಗಿ ಕೋಳಿಗೂಡಿನ ಕಡೆ ಹೊರಟಿತ್ತು. "ಲಾವಾ" ಎಂದು ಬರೆದುಕೊಂಡರು.

ಅಷ್ಟರಲ್ಲಿ ಕುಂದೂರಿನ ಗುಂಡಯ್ಯ ಬೇಲಿಯಾಚೆ ನಿಂತು ನಗುತ್ತಿದ್ದ. ಕುಂದೂರಿನವರ ಎದುರು ನಾನು ಸುಮ್ಮನಿರುವ ಜಾಯಮಾನದವನಲ್ಲ. "ಸಾರ್, ಇದರೊಳಗೆ ಹೋದ್ವರ್ಷ ಹಾರೆ ಬಿಟ್ಟಿದ್ದೆ, ಕರಗೇ ಹೋಗ್ಬುಡ್ತು ಕಣ್ರೀ!" ಎಂದೆ. ಗುಂಡಯ್ಯನ ನಗು ನಿಂತಿತು. ಸಾಹೇಬರ ಪೆನ್ನು ನಿಲ್ಲಲಿಲ್ಲ.

ವಾರದೊಳಗೆ ತಂತಿಬೇಲಿ ಬಂತು, ಫಲಕ ಬಂತು:

"ಸಾರ್ವಜನಿಕರ ಗಮನಕ್ಕೆ. ಇದು ಜೀವಂತ ಜ್ವಾಲಾಮುಖಿ. ಇದರ ಯಾವುದೇ ಭಾಗವನ್ನು ಒಯ್ಯತಕ್ಕದ್ದಲ್ಲ. ಲಾವಾ ಪಥದಲ್ಲಿರುವ ಕೋಳಿಗಳನ್ನು ಕೂಡಲೇ ಸ್ಥಳಾಂತರಿಸತಕ್ಕದ್ದು."

ಕೋಳಿಗಳನ್ನು ಪಡಸಾಲೆಯಲ್ಲಿ ದೊಡ್ಡ ಬಿದಿರು ಮಂಕರಿ ಕೆಳಗೆ ಕವುಚಿದೆವು. ಅವ್ವ ಮಾತ್ರ ಎಂದಿನಂತೆ ಮುಂಜಾನೆ ಸಗಣಿ ಬುಟ್ಟಿ ಹೊತ್ತು ಹೋಗಿ ಬೇಲಿಯ ಮೇಲಿಂದಲೇ ಸುರಿದಳು. ಆ ದಿನದ ವರದಿ: "ಶಿಖರದಲ್ಲಿ ಹೊಸ ಶಿಲಾರಸ ಕಾಣಿಸಿಕೊಂಡಿದೆ." ಮರುದಿನ ಅವ್ವ ಹೋಗಲಿಲ್ಲ. ಸಾಹೇಬರೇ ಕೊಟ್ಟಿಗೆಗೆ ಓಡಿಬಂದರು.

"ಯಾಕಮ್ಮ, ಇವತ್ತು ಚಟುವಟಿಕೆ ಇಲ್ಲ?"

"ನಂದಲ್ಲ ಅಂದ್ಮೇಲೆ ನಾನ್ಯಾಕಪ್ಪ ಹಾಕ್ಲಿ?"

"ಹಾಕೋದಕ್ಕೆ ಅಡ್ಡಿ ಇಲ್ಲಮ್ಮ. ತೆಗೆಯೋ ಹಾಗಿಲ್ಲ, ಅಷ್ಟೆ."

ಸುದ್ದಿ ಹಬ್ಬಿತು. ಗುಂಡಯ್ಯ ತನ್ನ ಊರಿಗೂ ಜ್ವಾಲಾಮುಖಿ ಬೇಕೆಂದು ಅರ್ಜಿ ಕೊಟ್ಟ. ಸಾಹೇಬರು ಹೋಗಿ ಕೂಲಂಕಷವಾಗಿ ಪರಿಶೀಲಿಸಿ, ಅವನ ಹಿತ್ತಲಲ್ಲಿರುವುದು ಕೇವಲ ತಿಪ್ಪೆ ಎಂದು ವೈಜ್ಞಾನಿಕವಾಗಿ ಸಾಬೀತುಪಡಿಸಿದರು. ಆ ದಿನ ನಾನು ಮಗ್ಗೆಯಿಂದ ಕುಂದೂರಿನವರೆಗೂ ಹಾರ್ನ್ ಹೊಡೆದುಕೊಂಡೇ ಬೈಕ್ ಓಡಿಸಿದೆ.

ಮೊದಲ ಮಳೆ ಬಿತ್ತು. ಬಿತ್ತನೆ ಶುಂಠಿ ಮೊಳಕೆಯೊಡೆದಿತ್ತು. ಹೊಲದಲ್ಲಿ ಪಾತಿ ಸಿದ್ಧ, ಗೊಬ್ಬರ ಬೇಲಿಯೊಳಗೆ.

"ನಿನ್ನ ಬಾಯಿಂದ ಆಗಿದ್ದು ಕಣೋ ಇದು! ಹಾರೆ ಕರಗಿತಂತೆ! ಮೂಲೇಲಿ ನಿಂತೈತಲ್ಲ, ಅದ್ಯಾವುದು?" ಅವ್ವ ಹಾರೆಯನ್ನೇ ಎತ್ತಿ ತೋರಿಸಿದಳು. "ಗೊಬ್ಬರ ಇಲ್ದೆ ಶುಂಠಿ ನೆಟ್ರೆ ವರ್ಷಪೂರ್ತಿ ನಿನ್ನ ಜಂಬಾನೇ ಉಣ್ಬೇಕು."

ನಾನು ಸಾಹೇಬರನ್ನು ಕೇಳಿದೆ. ಅವರು ನಿಯಮ ಓದಿದರು: ಜ್ವಾಲಾಮುಖಿಯಿಂದ ವಸ್ತುವನ್ನು ತೆಗೆಯುವಂತಿಲ್ಲ, ಆದರೆ ಅದು ತಾನಾಗಿ ಸ್ಫೋಟಿಸಿ ಹೊರಬಿದ್ದದ್ದು ಬಿದ್ದ ಜಾಗದ ಮಾಲೀಕನಿಗೆ ಸೇರತಕ್ಕದ್ದು.

"ಹಂಗಾದ್ರೆ ಸ್ಫೋಟ ಯಾವಾಗ ಸಾರ್?"

"ಅದನ್ನ ಮುಂಚೆ ಹೇಳೋಕಾಗಲ್ಲ ಮಾರಾಯ. ಅದಕ್ಕೇ ಅಲ್ವ ನಾವಿರೋದು."

ಮರುಬೆಳಿಗ್ಗೆ ನಾನು ಪಡಸಾಲೆಯ ಮಂಕರಿ ಎತ್ತಿದೆ. ತಿಂಗಳುಗಟ್ಟಲೆ ಸ್ಥಳಾಂತರಗೊಂಡಿದ್ದ ಕೋಳಿಗಳು ತಂತಿ ನುಸುಳಿ ನೇರ ಶಿಖರಕ್ಕೆ ನುಗ್ಗಿದವು. ಕೆದಕಿದವು ನೋಡಿ! ಗೊಬ್ಬರ ಬೇಲಿ ಹಾರಿ ನಮ್ಮ ಅಂಗಳಕ್ಕೆ ಬಿತ್ತು, ಸಾಹೇಬರ ಕನ್ನಡಕದ ಮೇಲೂ ಬಿತ್ತು.

"ಸಾರ್, ಕೋಳಿ..." ಎಂದಳು ತನುಜಾ.

"ಕೋಳಿ ಬರೀ ಪರಿಣಾಮ ಕಣಮ್ಮ. ಕಾರಣ ಒಳಗಿದೆ" ಎಂದು ಸಾಹೇಬರು ಕನ್ನಡಕ ಒರೆಸಿಕೊಂಡರು. ತನುಜಾ ಬಾಯಿ ಮುಚ್ಚಿಕೊಂಡು ಬರೆದಳು: "ಸ್ಫೋಟದ ವೇಳೆ ಭೂಗರ್ಭದಿಂದ ಕೊಕ್ಕೊಕ್ಕೋ ಎಂಬ ಧ್ವನಿ ಕೇಳಿಬಂತು."

ಸ್ಫೋಟ ದಾಖಲಾದ್ದರಿಂದ ಉಪಕೇಂದ್ರವನ್ನು ಕೇಂದ್ರವಾಗಿ ಮೇಲ್ದರ್ಜೆಗೇರಿಸಲಾಯಿತು. ಕೆಂಪಿ ಅಧಿಕೃತ ಶಿಲಾರಸ ಮೂಲವಾದಳು. ಅವಳು ಜಿಲ್ಲೆ ದಾಟುವಂತಿಲ್ಲ. ಅವ್ವ ಮುಂಜಾನೆ ಬುಟ್ಟಿ ಹೊತ್ತು ಹೋದರೆ ಸಾಹೇಬರು ಎದ್ದು ನಿಂತು ನಮಸ್ಕಾರ ಮಾಡುತ್ತಾರೆ, ಅವಳೂ "ಚೆನ್ನಾಗಿ ಕಾಯ್ತಾ ಐತಾ ಸ್ವಾಮಿ?" ಎಂದು ವಿಚಾರಿಸುತ್ತಾಳೆ. ಗುಂಡಯ್ಯ ನೆಂಟರನ್ನೆಲ್ಲ ಕರೆತಂದು ದೂರದಿಂದ ತೋರಿಸಿ, ಹತ್ತಿರ ಹೋಗಬೇಡಿ ಎಂದು ಗದರುತ್ತಾನೆ.

ಅಂಗಳಕ್ಕೆ ಬಿದ್ದ ಗೊಬ್ಬರ ನಿಯಮದಂತೆ ನಮ್ಮದೇ. ಆದರೆ ಅದನ್ನು ಗುಡಿಸಿ, ತಣಿಸಿ, ಸಮಾರಂಭದಲ್ಲೇ ವಿತರಿಸಬೇಕೆಂದು ಆದೇಶವಾಯಿತು. ಶಾಮಿಯಾನ ಹಾಕಿದರು. ನನ್ನನ್ನು ಆಲೂರು ತಾಲ್ಲೂಕಿನ ಪ್ರಥಮ ಲಾವಾ ಸಂತ್ರಸ್ತನೆಂದು ಘೋಷಿಸಿದರು. ಎದೆಯುಬ್ಬಿಸಿಕೊಂಡೇ ವೇದಿಕೆ ಹತ್ತಿದೆ. ಜನ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಕುಂದೂರಿನವರು.

ನನಗೆ ಕೊಟ್ಟಿದ್ದು ಎರಡು ಬುಟ್ಟಿ ಗೊಬ್ಬರ. ಒಂದು ಪಾತಿಗೆ ಆಯಿತು. ಬುಟ್ಟಿ ವಾಪಸ್ ಕೊಡಬೇಕಂತೆ.